ಐವತ್ತು ಮೊಳೆ, ಒಂದು ಖಾಲಿ ಗೆರೆ: ಜರ್ಮನಿಯ ಮಹಿಳಾ ಹ್ಯಾಂಡ್‌ಬಾಲ್ ಕಪ್ಪಿನ ನೂಲುಚಿತ್ರ

ಮೊದಲ ದಿನ

ಹಲಗೆ ಸಿದ್ಧವಾಯಿತು. ಪ್ಲೈವುಡ್, ಉದ್ದ 120 ಸೆಂ.ಮೀ., ಅಗಲ 60. ಅದರ ಮೇಲೆ ಪೆನ್ಸಿಲಿನಲ್ಲಿ ಎರಡೆರಡು ಸೆಂಟಿಮೀಟರಿಗೆ ಒಂದರಂತೆ 51 ಉದ್ದಗೆರೆ ಎಳೆದಿದ್ದೇನೆ. ಒಂದು ಗೆರೆ ಎಂದರೆ ಒಂದು ವರ್ಷ: 1975ರಿಂದ 2025ರವರೆಗೆ. ಅಡ್ಡಸಾಲುಗಳು ಕ್ಲಬ್ಬುಗಳಿಗೆ. ಯಾವ ವರ್ಷ ಯಾವ ಕ್ಲಬ್ ಜರ್ಮನಿಯ ಮಹಿಳಾ ಹ್ಯಾಂಡ್‌ಬಾಲ್ ಕಪ್ ಗೆದ್ದಿತೋ ಆ ಗೆರೆ ಆ ಸಾಲನ್ನು ಕೂಡುವಲ್ಲಿ ಒಂದು ಮೊಳೆ. ಕೊನೆಗೆ ಪ್ರತಿ ಕ್ಲಬ್ಬಿನ ಮೊಳೆಗಳನ್ನು ಅದರದೇ ಬಣ್ಣದ ನೂಲಿನಿಂದ ಜೋಡಿಸುವುದು. ಎರಡು ಗೆಲುವುಗಳ ನಡುವೆ ಎಷ್ಟು ಕಾಲ ಕಾಯಬೇಕಾಯಿತು ಎಂಬುದು ನೂಲಿನ ಉದ್ದದಲ್ಲೇ ಕಾಣಬೇಕು ಎನ್ನುವುದು ನನ್ನ ಆಸೆ. ವಿಜೇತರ ಪಟ್ಟಿಯನ್ನು ಎಷ್ಟು ಸಲ ಓದಿದರೂ ಹೆಸರುಗಳು ಉರುಳಿಹೋಗುತ್ತಿದ್ದವೇ ಹೊರತು ಕಾಯುವಿಕೆ ಕಾಣುತ್ತಿರಲಿಲ್ಲ.

ಜರ್ಮನ್ನರು ಇದನ್ನು ಡಿಎಚ್‌ಬಿ ಪೋಕಾಲ್ ಎನ್ನುತ್ತಾರೆ. ಡಿಎಚ್‌ಬಿ ಅಲ್ಲಿನ ಹ್ಯಾಂಡ್‌ಬಾಲ್ ಒಕ್ಕೂಟ, ಪೋಕಾಲ್ ಎಂದರೆ ಬಟ್ಟಲು. 1974–75ರ ಋತುವಿನಲ್ಲಿ ಪುರುಷರಿಗೂ ಮಹಿಳೆಯರಿಗೂ ಒಟ್ಟಿಗೇ ಆರಂಭವಾಯಿತು.

ನಾಲ್ಕನೆಯ ದಿನ

ಎಡತುದಿಯಲ್ಲಿ ಒಂದು ಚೀಟಿ ಅಂಟಿಸಬೇಕೆಂದುಕೊಂಡಿದ್ದೆ: "1917, ಬರ್ಲಿನ್". ಆ ವರ್ಷದ ಅಕ್ಟೋಬರ್ 29ರಂದು ಮ್ಯಾಕ್ಸ್ ಹೈಸರ್ ಎಂಬ ಅಧಿಕಾರಿ ಹ್ಯಾಂಡ್‌ಬಾಲ್ ಎಂಬ ಹೆಸರು ಕೊಟ್ಟು ನಿಯಮಗಳನ್ನು ಗೊತ್ತುಮಾಡಿದ. ಆ ನಿಯಮಗಳು ಬರೆದದ್ದು ಮಹಿಳೆಯರಿಗಾಗಿ. ಮೈಗೆ ಮೈ ತಾಗಿಸುವಂತಿರಲಿಲ್ಲ. ಎರಡು ವರ್ಷಗಳ ನಂತರ ಕ್ರೀಡಾ ಶಿಕ್ಷಕ ಕಾರ್ಲ್ ಶೆಲೆನ್ಸ್ ಬಂದು ಚೆಂಡನ್ನು ಚಿಕ್ಕದು ಮಾಡಿ, ಸೆಣಸಾಟಕ್ಕೆ ಅವಕಾಶ ಕೊಟ್ಟು, ಅದನ್ನು ಗಂಡಸರಿಗೂ ಒಗ್ಗಿಸಿದ. ಒಲಿಂಪಿಕ್ಸ್‌ನ ಬಾಗಿಲು ಮಾತ್ರ ಗಂಡಸರಿಗೇ ಮೊದಲು ತೆರೆಯಿತು: 1936ರಲ್ಲಿ ಬರ್ಲಿನ್‌ನಲ್ಲಿ ಬಯಲು ಹ್ಯಾಂಡ್‌ಬಾಲ್, 1972ರಲ್ಲಿ ಮ್ಯೂನಿಕ್‌ನಲ್ಲಿ ಒಳಾಂಗಣದ್ದು. ಮಹಿಳೆಯರು 1976ರ ಮಾಂಟ್ರಿಯಲ್‌ವರೆಗೆ ಕಾಯಬೇಕಾಯಿತು.

ಚೀಟಿಗೆ ಜಾಗ ಅಳೆದಾಗ ನಗು ಬಂತು. 1917ರಿಂದ 1975ಕ್ಕೆ 58 ವರ್ಷ. ನನ್ನ ಅಳತೆಯಲ್ಲಿ 116 ಸೆಂ.ಮೀ. ಅಂದರೆ ಕಪ್ಪಿನ ಇಡೀ ಚರಿತ್ರೆ ಹಿಡಿಸುವ 100 ಸೆಂಟಿಮೀಟರಿಗಿಂತ, ಕಪ್ ಇಲ್ಲದ ಕಾಲವೇ ಉದ್ದ. ಚೀಟಿಯನ್ನು ಹಲಗೆಯ ಮೇಲೆ ಅಂಟಿಸಲಿಲ್ಲ; ಎಡಗಡೆಗೆ ಅಷ್ಟು ದೂರ ಅಳೆದು ಗೋಡೆಯ ಮೇಲೇ ಅಂಟಿಸಿದೆ. ಕೋಣೆಯ ಬಾಗಿಲಿನ ಹತ್ತಿರ ಹೋಗಿ ನಿಂತಿದೆ ಅದು.

ಏಳನೆಯ ದಿನ

ದೊಡ್ಡ ಎಡವಟ್ಟು. 1981ರ ಗೆರೆಯಲ್ಲಿ ಎರಡು ಮೊಳೆಗಳು ಕಂಡವು. ಒಂದು ವರ್ಷಕ್ಕೆ ಇಬ್ಬರು ವಿಜೇತರು ಇರಲು ಸಾಧ್ಯವೇ ಇಲ್ಲ. ಇದು ನಾಕೌಟ್ ಪಂದ್ಯಾವಳಿ, ಸೋತವರು ಮನೆಗೆ. ಅರುವತ್ತು ನಿಮಿಷಗಳಲ್ಲಿ ಸಮವಾದರೆ ಐದೈದು ನಿಮಿಷಗಳ ಹೆಚ್ಚುವರಿ ಆಟ, ಆಗಲೂ ಇತ್ಯರ್ಥವಾಗದಿದ್ದರೆ ಕೊನೆಗೆ ಪೆನಾಲ್ಟಿಯಂಥ ಏಳು ಮೀಟರ್ ಎಸೆತ. ಯಾರಾದರೊಬ್ಬರು ಗೆಲ್ಲಲೇಬೇಕು.

ತಪ್ಪು ನನ್ನದೇ. ಋತು ಎರಡು ವರ್ಷಗಳಲ್ಲಿ ಹರಡಿರುತ್ತದೆ, ಫೈನಲ್ ಎರಡನೆಯ ವರ್ಷದಲ್ಲಿ ಬರುತ್ತದೆ. ಓಲ್ಡನ್‌ಬುರ್ಗ್‌ನ ಸಾಲನ್ನು ಫೈನಲಿನ ವರ್ಷದಿಂದ ಗುರುತಿಸಿದ್ದೆ, ಲೆವರ್ಕುಜೆನ್‌ನ ಸಾಲನ್ನು ಋತು ಆರಂಭವಾದ ವರ್ಷದಿಂದ. ಆದ್ದರಿಂದ ಲೆವರ್ಕುಜೆನ್‌ನ ಪ್ರಸಿದ್ಧ ನಾಲ್ಕು ಸತತ ಗೆಲುವುಗಳು, 1982ರಿಂದ 1985ರವರೆಗಿನವು, ಒಂದು ಗೆರೆ ಎಡಕ್ಕೆ ಸರಿದು ಓಲ್ಡನ್‌ಬುರ್ಗ್‌ನ 1981ರ ಮೇಲೆ ಹತ್ತಿ ಕುಳಿತಿದ್ದವು. ಒಂಬತ್ತು ಮೊಳೆ ಕಿತ್ತು ಒಂಬತ್ತು ಮೊಳೆ ಮತ್ತೆ ಹೊಡೆದೆ. ಹಳೆಯ ತೂತುಗಳಿಗೆ ಮರದ ಪುಡಿ ಮತ್ತು ಅಂಟು ಕಲಸಿ ತುಂಬಿದ್ದೇನೆ, ಆದರೂ ಪಕ್ಕದಿಂದ ಬೆಳಕು ಬಿದ್ದರೆ ಕಾಣುತ್ತವೆ.

ಒಂಬತ್ತು ಎಂದೆನಲ್ಲ, ಅದೇ ದಾಖಲೆ. ಬಾಯರ್ ಲೆವರ್ಕುಜೆನ್ 1980, ಆ ನಾಲ್ಕು, 1987, 1991, 2002, 2010. ರಾಸಾಯನಿಕ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಕ್ಲಬ್. ಈ ಸಾಲಿಗೆ ಕೆಂಪು ನೂಲು ಕಟ್ಟಿದೆ. ಮೊದಲ ಅರ್ಧ ಬಿಗಿಯಾಗಿ, ವೀಣೆಯ ತಂತಿಯಂತೆ ಮಿಡಿದರೆ ಸದ್ದು ಬರುವಂತಿದೆ. 1991ರಿಂದ ಆಚೆಗೆ 22 ಸೆಂಟಿಮೀಟರ್ ಒಂದೂ ಮೊಳೆಯಿಲ್ಲದೆ ಜೋಲುತ್ತದೆ. ಓಲ್ಡನ್‌ಬುರ್ಗ್‌ನದು ಇನ್ನೂ ಜೋಲು. 1981ರ ನಂತರ ಮುಂದಿನ ಮೊಳೆ 2009ರಲ್ಲಿ, 56 ಸೆಂ.ಮೀ. ದೂರ. ಆಮೇಲೆ 2012, 2018 ಬೇಗ ಬೇಗ ಬಂದವು. ಮೊದಲ ಕಪ್ ಗೆದ್ದ ಆಟಗಾರ್ತಿಯರ ಮಕ್ಕಳೇ ಎರಡನೆಯದನ್ನು ನೋಡಲು ಬಂದಿರಬಹುದಾದಷ್ಟು ಅಂತರ!

ಹನ್ನೊಂದನೆಯ ದಿನ

ಇವತ್ತು ಕೆಲಸ ಸುಲಲಿತ. ಲ್ಯುಟ್ಸೆಲ್ಲಿಂಡನ್‌ನ ಸಾಲು: 1989, 1990, 1992, 1998, 1999. ಐದು ಮೊಳೆ, ಹಸಿರು ನೂಲು. ಹೆಸೆ ರಾಜ್ಯದ ಗೀಸನ್ ಪಟ್ಟಣಕ್ಕೆ ಸೇರಿಸಿಕೊಂಡ ಒಂದು ಹಳ್ಳಿ ಇದು. ಈ ಹಳ್ಳಿಯ ಕ್ಲಬ್ 1991ರಲ್ಲಿ ಯುರೋಪಿನ ಚಾಂಪಿಯನ್ನರ ಕಪ್ಪನ್ನೇ ಗೆದ್ದಿತು. ಆ ವರ್ಷ ದೇಶದ ಕಪ್ ಮಾತ್ರ ಲೆವರ್ಕುಜೆನ್‌ಗೆ. ಖಂಡವನ್ನೇ ಗೆದ್ದವರ ಸಾಲಿನಲ್ಲಿ ಆ ವರ್ಷದ ಗೆರೆ ಖಾಲಿ ಉಳಿದದ್ದನ್ನು ನೋಡಿದಾಗಲೆಲ್ಲ ನನಗೆ ಕಪ್ ಪಂದ್ಯಾವಳಿಯ ಮೇಲೆ ಪ್ರೀತಿ ಹೆಚ್ಚುತ್ತದೆ. ಲೀಗಿನಲ್ಲಿ ಒಂದು ಕೆಟ್ಟ ಸಂಜೆಯನ್ನು ಮುಂದಿನ ವಾರ ಸರಿಪಡಿಸಿಕೊಳ್ಳಬಹುದು. ಇಲ್ಲಿ ಆ ಸಂಜೆಯೇ ಕೊನೆ.

ಬುಕ್ಸ್ಟೆಹೂಡೆಯ ಎರಡು ಮೊಳೆಗಳೂ (2015, 2017) ಇವತ್ತೇ ಆದವು. ಜರ್ಮನ್ ಆಡುಮಾತಿನಲ್ಲಿ ಬುಕ್ಸ್ಟೆಹೂಡೆ ಎಂದರೆ ಎಲ್ಲೋ ಮೂಲೆಯ, ನಾಯಿಗಳು ಬಾಲದಿಂದ ಬೊಗಳುವ ಊರು. ಹ್ಯಾಂಬರ್ಗ್‌ನ ಪಕ್ಕದಲ್ಲೇ ಇದೆ, ಪಾಪ.

ಹದಿನೈದನೆಯ ದಿನ

ಲೈಪ್ಸಿಗ್‌ನ ನೂಲನ್ನು ಎಲ್ಲಿಂದ ಆರಂಭಿಸುವುದು ಎಂದು ಮೂರು ದಿನ ಯೋಚಿಸಿದೆ.

1990ರವರೆಗೆ ನನ್ನ ಹಲಗೆಯಲ್ಲಿ ಇರುವುದು ಪಶ್ಚಿಮ ಜರ್ಮನಿ ಮಾತ್ರ. ಪೂರ್ವದವರಿಗೆ ಅವರದೇ ಲೀಗ್, ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟದ ಹೆಸರಿನಲ್ಲಿ ಅವರದೇ ಕಪ್. ನಿಜ ಹೇಳಬೇಕೆಂದರೆ ಆ ಕಾಲದಲ್ಲಿ ಬಲಿಷ್ಠ ಆಟ ಇದ್ದದ್ದು ಬರ್ಲಿನ್ ಗೋಡೆಯ ಆಚೆ: ಪೂರ್ವ ಜರ್ಮನಿಯ ಮಹಿಳೆಯರು 1971, 1975, 1978ರಲ್ಲಿ ವಿಶ್ವ ಚಾಂಪಿಯನ್ನರು, ಎಸ್‌ಸಿ ಲೈಪ್ಸಿಗ್ 1966 ಮತ್ತು 1974ರಲ್ಲಿ ಯುರೋಪಿನ ಚಾಂಪಿಯನ್. ಅಷ್ಟು ದೊಡ್ಡ ಕ್ಲಬ್ಬಿಗೆ ನನ್ನ ಹಲಗೆಯಲ್ಲಿ 1996ರವರೆಗೆ ಜಾಗವೇ ಇಲ್ಲ. ಆಗ ಅದು ವಿಎಫ್‌ಬಿ ಲೈಪ್ಸಿಗ್. 1999ರಿಂದ ಎಚ್‌ಸಿ ಲೈಪ್ಸಿಗ್. ಆಮೇಲೆ 2000, 2006, 2007, 2008, 2014, 2016.

ಹಳೆಯ ಹೆಸರನ್ನು ಬಿಟ್ಟು 1996ರಿಂದ ಕಟ್ಟಿದರೆ ಕ್ಲಬ್ ಆಕಾಶದಿಂದ ಉದುರಿದಂತೆ ಕಾಣುತ್ತದೆ. 1975ರಿಂದ ಕಟ್ಟಿದರೆ ಆಡದ ಪಂದ್ಯಾವಳಿಯಲ್ಲಿ ಆಡಿದಂತಾಗುತ್ತದೆ. ಕೊನೆಗೆ ಹಲಗೆಯ ಕೆಳಗಿನ ಅಂಚಿನಲ್ಲಿ, 1990ರ ಗೆರೆಯ ನೇರಕ್ಕೆ ಒಂದು ರಂಧ್ರ ಕೊರೆದು, ನೂಲನ್ನು ಹಿಂಬದಿಯಿಂದ ತೂರಿಸಿ ಮೇಲಕ್ಕೆ ತಂದೆ. ಹಿಂಬದಿಯಲ್ಲಿ ಅದು ತನ್ನಷ್ಟಕ್ಕೆ ಓಡುತ್ತದೆ, ಎರಡು ಯುರೋಪಿಯನ್ ಕಪ್ಪುಗಳಿಗೆ ಅಲ್ಲೇ ಎರಡು ಮೊಳೆ. ಗೋಡೆಗೆ ನೇತುಹಾಕಿದ ಮೇಲೆ ಯಾರಿಗೂ ಕಾಣುವುದಿಲ್ಲ. ಹೆಸರು ಬದಲಾದಲ್ಲೆಲ್ಲ ಒಂದೊಂದು ಗಂಟು; ಇದನ್ನು ಎಲ್ಲ ಕ್ಲಬ್ಬುಗಳಿಗೂ ನಿಯಮ ಮಾಡಿಕೊಂಡಿದ್ದೇನೆ.

2016ರ ಮೊಳೆಯ ನಂತರದ್ದು ಬೇರೆ ತಲೆನೋವು. ಏಳನೆಯ ಕಪ್ ಗೆದ್ದ ಮರುವರ್ಷವೇ ಹಣವಿಲ್ಲದೆ ದೇಶದ ಅಗ್ರ ಲೀಗ್ ಆದ ಬುಂಡೆಸ್‌ಲೀಗಾದ ಪರವಾನಗಿ ಕೈತಪ್ಪಿತು, ಮೂರನೆಯ ದರ್ಜೆಯಿಂದ ಮತ್ತೆ ಆರಂಭಿಸಬೇಕಾಯಿತು. ನೂಲು ಕತ್ತರಿಸಲಿಲ್ಲ. ಅದೇ ನೀಲಿ ನೂಲನ್ನು ಬ್ಲೀಚಿನಲ್ಲಿ ಅದ್ದಿ ಬಣ್ಣ ಇಳಿಸಿ ಮುಂದುವರಿಸಿದೆ.

ಹತ್ತೊಂಬತ್ತನೆಯ ದಿನ

ಟ್ಯೂರಿಂಗರ್ ಎಚ್‌ಸಿ: 2011, 2013, 2019. ನ್ಯೂರೆಂಬರ್ಗ್: 2004, 2005. ಅರ್ಧ ಗಂಟೆಯ ಕೆಲಸ.

2020ರ ಗೆರೆ ಖಾಲಿ. ಕೋವಿಡ್‌ನಿಂದಾಗಿ ಆ ವರ್ಷದ ಪಂದ್ಯಾವಳಿ ಅರ್ಧಕ್ಕೇ ನಿಂತಿತು. ಅಲ್ಲೊಂದು ಕಪ್ಪು ಬಣ್ಣದ ಮೊಳೆ ಹೊಡೆಯೋಣವೇ ಎಂದುಕೊಂಡೆ, ಬೇಡ ಎನಿಸಿತು. ಪೆನ್ಸಿಲ್ ಗೆರೆಯನ್ನು ಅಳಿಸದೆ ಹಾಗೇ ಬಿಟ್ಟೆ. ಒಟ್ಟು ಮೊಳೆ ಐವತ್ತು.

ಇಪ್ಪತ್ತೆರಡನೆಯ ದಿನ

ಬೀಟಿಗ್‌ಹೈಮ್‌ನ ಸಾಲು ಕೊನೆಗೆ ಉಳಿಸಿಕೊಂಡಿದ್ದೆ. 2021, 2022, 2023, ಒತ್ತೊತ್ತಾಗಿ ಮೂರು ಮೊಳೆ. ಈಚೆಗೆ ಸೆಮಿಫೈನಲ್ಲುಗಳೂ ಫೈನಲ್ಲೂ ಒಂದೇ ವಾರಾಂತ್ಯದಲ್ಲಿ, ಸ್ಟುಟ್‌ಗಾರ್ಟ್‌ನ ಪೋರ್ಷೆ ಅರೇನಾದಲ್ಲಿ ನಡೆಯುತ್ತವೆ. ಬೀಟಿಗ್‌ಹೈಮ್‌ನವರಿಗೆ ಅದು ನೆರೆಮನೆ. 2022ರಲ್ಲಿ ಲೀಗ್, ಕಪ್, ಯುರೋಪಿಯನ್ ಲೀಗ್ ಮೂರನ್ನೂ ಒಯ್ದರು. 2024ರಲ್ಲಿ ಬುಡಾಪೆಸ್ಟ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿ ಹಂಗೇರಿಯ ಗ್ಯೋರ್‌ಗೆ 24–30ರಿಂದ ಸೋತರು. ಅದೇ ಬೇಸಿಗೆಯಲ್ಲಿ ತಂಡ ಪಕ್ಕದ ಊರಿನ ಹೆಸರು ಹೊತ್ತು ಎಚ್‌ಬಿ ಲುಡ್ವಿಗ್ಸ್‌ಬುರ್ಗ್ ಆಯಿತು. ಒಂದು ಗಂಟು. 2025ರಲ್ಲಿ ಲೀಗ್, ಕಪ್ ಎರಡನ್ನೂ ಗೆದ್ದು ನಾಲ್ಕನೆಯ ಮೊಳೆ ಹೊಡೆಸಿಕೊಂಡ ಬೆನ್ನಿಗೇ ದಿವಾಳಿ ಅರ್ಜಿ, ಬುಂಡೆಸ್‌ಲೀಗಾದಿಂದ ನಿರ್ಗಮನ.

ಹಳದಿ ನೂಲನ್ನು ಕತ್ತರಿಸಲು ಕತ್ತರಿ ಹಿಡಿದು ಕುಳಿತಿದ್ದೆ. ಲೈಪ್ಸಿಗ್‌ನದನ್ನು ಬ್ಲೀಚ್ ಮಾಡಿ ಉಳಿಸಿದವನು ಇದನ್ನು ಮಾತ್ರ ಕತ್ತರಿಸುವುದು ಯಾವ ನ್ಯಾಯ? ಸದ್ಯಕ್ಕೆ ಹಲಗೆಯ ಬಲ ಅಂಚಿನಿಂದ ಒಂದು ಗೇಣು ಇಳಿಬಿಟ್ಟಿದ್ದೇನೆ. ಫ್ಯಾನ್ ಹಾಕಿದರೆ ಅದು ಅಲ್ಲಾಡಿ ಪಕ್ಕದ ನೂಲುಗಳಿಗೆ ಸಿಕ್ಕಿಕೊಳ್ಳುತ್ತಿದೆ, ತುದಿಗೊಂದು ಸಣ್ಣ ಮಣಿ ಕಟ್ಟಬೇಕು. ವಾರ್ನಿಷ್ ಇನ್ನೂ ಬಾಕಿ.