ಗಾರ್ಡಾದಲ್ಲಿ ವಿಂಡ್‌ಸರ್ಫಿಂಗ್: ಬೆಳಿಗ್ಗೆ ಒಂದು ಗಾಳಿ, ಮಧ್ಯಾಹ್ನ ಇನ್ನೊಂದು

ಮ್ಯೂನಿಕ್ ಸುತ್ತಮುತ್ತ ಇರೋ ನಮ್ಮೋರು ಯಾರಾದ್ರೂ ಬೇಸಿಗೆಯಲ್ಲಿ ವಿಂಡ್‌ಸರ್ಫಿಂಗ್‌ಗೆ (ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಗಾಳಿ ಬಲದಲ್ಲಿ ನೀರಲ್ಲಿ ಸಾಗೋ ಆಟ) ಹೊರಡೋ ಪ್ಲಾನ್ ಇದ್ರೆ ಕಣ್ಮುಚ್ಚಿ ಇಟಲಿಯ ಗಾರ್ಡಾ ಸರೋವರಕ್ಕೆ ಹೋಗಿ, ಆದ್ರೆ ರೂಮ್ ಬುಕ್ ಮಾಡೋ ಮುಂಚೆ ಅಲ್ಲಿನ ಗಾಳಿ ಲೆಕ್ಕ ತಿಳ್ಕೊಳ್ಳಿ. ಅಲ್ಲಿ ದಿನಕ್ಕೆ ಎರಡು ಗಾಳಿ, ಎರಡೂ ಎದುರುಬದುರು ದಿಕ್ಕಿಂದ ಬರುತ್ತೆ, ಬೆಳಿಗ್ಗೆ ಚೆನ್ನಾಗಿರೋ ಜಾಗ ಮಧ್ಯಾಹ್ನ ಚೆನ್ನಾಗಿರುತ್ತೆ ಅಂತಿಲ್ಲ.

ಬೆಳಗಿನ ಜಾವದ್ದು ಪೆಲೇರ್. ರಾತ್ರಿ ಬೆಟ್ಟದ ಮೇಲೆ ತಣ್ಣಗಾದ ಗಾಳಿ ಉತ್ತರದಿಂದ ಕೆಳಗಿಳಿದು ಬರೋದು, ಹತ್ತು ಹನ್ನೊಂದು ಗಂಟೆಗೆ ನಿಂತುಹೋಗುತ್ತೆ. ಮಧ್ಯಾಹ್ನದ್ದು ಓರಾ, ಬಿಸಿಲಿಗೆ ಬೆಟ್ಟ ಕಣಿವೆ ಕಾದಮೇಲೆ ದಕ್ಷಿಣದ ಬಯಲು ಕಡೆಯಿಂದ ಗಾಳಿ ಎಳ್ಕೊಳ್ಳುತ್ತೆ. ಮಲ್ಪೆ ಕಾರವಾರದ ಕಡೆ ರಾತ್ರಿ ನೆಲದಿಂದ, ಹಗಲು ಕಡಲಿಂದ ಗಾಳಿ ಬರುತ್ತಲ್ಲ, ಅದೇ ಥರ, ಆದ್ರೆ ಇಲ್ಲಿ ಸರೋವರದ ಉತ್ತರದ ತುದಿ ಎರಡೂ ಕಡೆ ಕಡಿದಾದ ಬೆಟ್ಟದ ಮಧ್ಯೆ ಸಿಕ್ಕಿಕೊಂಡಿರೋದ್ರಿಂದ ಗಾಳಿ ಹಿಂಡಿದ ಹಾಗಾಗಿ ಜೋರಾಗುತ್ತೆ.

ಉಳ್ಕೊಳ್ಳೋಕೆ ಉತ್ತರದ ತುದಿಯ ಟೋರ್ಬೊಲೆ ಒಳ್ಳೇದು. ಓರಾ ಅಲ್ಲಿ ದಡದ ಕಡೆಗೇ ಬೀಸುತ್ತೆ, ಬಿದ್ರೂ ಸೇಲ್ (ಹಾಯಿ) ಎತ್ತೋಕಾಗದಿದ್ರೂ ಗಾಳಿನೇ ನಿಮ್ಮನ್ನ ವಾಪಸ್ ತಳ್ಳುತ್ತೆ, ಕಲಿತು ಸ್ವಲ್ಪ ದಿನ ಆಗಿರೋರಿಗೆ ಇದಕ್ಕಿಂತ ಧೈರ್ಯ ಏನು ಬೇಕು. ಪಕ್ಕದ ರೀವಾದಲ್ಲಿ ಅದೇ ಓರಾ ಮೆತ್ತಗಿರುತ್ತೆ, ಟೋರ್ಬೊಲೆಯಿಂದ ಪೂರ್ವ ದಡದ ಬಂಡೆ ಪಕ್ಕಕ್ಕೆ ಹೋದ್ರೆ ಜೋರು.

ಪೆಲೇರ್ ವಿಷಯ ಇದಕ್ಕೆ ಉಲ್ಟಾ, ಇಲ್ಲಿ ದಯವಿಟ್ಟು ಹುಷಾರು. ಟೋರ್ಬೊಲೆ ಬೀಚ್‌ನಲ್ಲಿ ಅದು ದಡದಿಂದ ಸರೋವರದ ಒಳಕ್ಕೆ ಬೀಸುತ್ತೆ, ದಡದಲ್ಲಿ ನಿಂತು ನೋಡಿದ್ರೆ ತಣ್ಣಗೆ ಹಿತವಾಗಿ ಕಾಣುತ್ತೆ, ಒಳಗೆ ಹೋದಷ್ಟೂ ಏರುತ್ತಾ ಹೋಗುತ್ತೆ, ಗಾಳಿಗೆ ಎದುರಾಗಿ ವಾಪಸ್ ಬರೋಕೆ ಬರದೇ ಇರೋರು ಸೀದಾ ದಕ್ಷಿಣಕ್ಕೆ. ಸ್ಕೂಲ್‌ಗಳು ಹೊಸಬರ ಕ್ಲಾಸ್ ಬೆಳಿಗ್ಗೆನೇ ಇಡ್ತಾರೆ, ರೆಸ್ಕ್ಯೂ ಬೋಟ್ ಇರುತ್ತೆ, ಅದು ಸರಿ, ಆದ್ರೆ ಬೋರ್ಡ್ ಬಾಡಿಗೆಗೆ ತಗೊಂಡು ಒಬ್ರೇ ಹೋಗಬೇಡಿ. ಪೆಲೇರ್ ಪೂರ್ತಿ ಬೇಕು ಅನ್ನೋರು ನಾವೆನೆ, ಮಾಲ್ಚೇಸಿನೆ, ಎದುರು ದಡದ ಕಾಂಪಿಯೋನೆ ಕಡೆ ಹೋಗಿ, ಬೆಳಕು ಹರಿಯೋ ಹೊತ್ತಿಗೇ ನೀರಲ್ಲಿರಬೇಕು.

ಎರಡು ಗಾಳಿ ಮಧ್ಯೆ ಬರೋ ಬಿಡುವು ನಂಗೆ ತುಂಬಾ ಇಷ್ಟ. ಹನ್ನೊಂದರ ಮೇಲೆ ನೀರು ಒಂಚೂರೂ ಅಲ್ಲಾಡಲ್ಲ, ಹುಲ್ಲಿನ ಮೇಲೆ ಜನ ಮಲಗಿರ್ತಾರೆ, ಆಮೇಲೆ ದೂರ ದಕ್ಷಿಣದಲ್ಲಿ ನೀರಿನ ಮೇಲೆ ಕಪ್ಪು ಗೆರೆ ಒಂದು ಅಡ್ಡಕ್ಕೆ ಕಾಣುತ್ತೆ, ಅದು ಅಗಲ ಆಗ್ತಾ ಹತ್ರ ಬರುತ್ತೆ, ನೋಡ್ತಾ ನೋಡ್ತಾ ಎಲ್ಲರೂ ಎದ್ದು ಮಾಸ್ಟ್ (ಹಾಯಿ ಕಂಬ) ಜೋಡಿಸೋಕೆ ಶುರು, ದಡ ಮುಟ್ಟೋ ಹೊತ್ತಿಗೆ ಅಲ್ಲಲ್ಲಿ ಬಿಳಿ ನೊರೆ. 75 ಕೆಜಿ ಆಸುಪಾಸು ಇರೋರಿಗೆ ಓರಾಗೆ 5.5ರಿಂದ 6.5 ಚದರ ಮೀಟರ್ ಸೇಲ್ ಸಾಕು, ಜೋರು ಪೆಲೇರ್‌ಗೆ 5ರ ಆಸುಪಾಸಿಗೆ ಇಳಿಸಿ.

ಓರಾಗೆ ಬಿಸಿಲು ಬೇಕೇ ಬೇಕು, ಮೋಡ ಮುಚ್ಚಿದ ದಿನ ಕಾಯೋದು ದಂಡ, ಆವತ್ತು ಮೊಂಟೆ ಬಾಲ್ಡೊ ಬೆಟ್ಟದ ಕೇಬಲ್ ಕಾರ್‌ಗೆ ಹೋಗಿ. ಸಂಜೆ ಗುಡುಗು ಕೇಳಿಸಿದ್ರೆ ತಡ ಮಾಡದೆ ದಡಕ್ಕೆ ಬನ್ನಿ. ಆದ್ರೆ ಮಳೆ ಬಂದ ಮಾರನೇ ಬೆಳಿಗ್ಗೆ ಪೆಲೇರ್ ಸಾಮಾನ್ಯವಾಗಿ ಜೋರಾಗಿರುತ್ತೆ, ಅಲಾರಂ ಇಟ್ಕೊಳ್ಳಿ. ಸರೋವರದ ಆಳ 346 ಮೀಟರ್, ಟೋರ್ಬೊಲೆ ಹತ್ರ ಸಾರ್ಕಾ ನದಿಯ ತಣ್ಣೀರು ಬೇರೆ ಸೇರುತ್ತೆ, ಜುಲೈನಲ್ಲೂ ಬೆಳಿಗ್ಗೆ ವೆಟ್‌ಸೂಟ್ (ನೀರಲ್ಲಿ ಮೈ ಬೆಚ್ಚಗಿಡೋ ಬಿಗಿ ಉಡುಪು) ಬೇಕು, ಲೈಫ್ ಜಾಕೆಟ್ ಬಿಡಬೇಡಿ. ಉತ್ತರದ ಟ್ರೆಂಟಿನೊ ಭಾಗದಲ್ಲಿ ಪ್ರವಾಸಿಗಳ ಮೋಟರ್ ಬೋಟ್‌ಗೆ ಅವಕಾಶ ಇಲ್ಲ, ದೊಡ್ಡ ನೆಮ್ಮದಿ, ಆದ್ರೆ ಫೆರ್ರಿ ಓಡಾಡುತ್ತೆ, ಅದಕ್ಕೆ ದಾರಿ ಬಿಡಲೇಬೇಕು.

ರೈಲಲ್ಲಿ ಹೋಗೋರು ಬ್ರೆನ್ನರ್ (ಆಸ್ಟ್ರಿಯಾ-ಇಟಲಿ ಗಡಿಯ ಘಾಟಿ) ಮೇಲೆ ಬಂದು ರೊವೆರೆಟೊದಲ್ಲಿ ಇಳಿದು ರೀವಾ ಬಸ್ ಹತ್ತಿ. ಕಾರಾದ್ರೆ ಆಸ್ಟ್ರಿಯಾದ ವಿನ್ಯೆಟ್ (ಹೆದ್ದಾರಿ ಟೋಲ್ ಸ್ಟಿಕರ್) ಮೊದಲೇ ತಗೊಳ್ಳಿ, ಹೆದ್ದಾರಿಯಿಂದ ರೊವೆರೆಟೊ ಸುಡ್ ಎಕ್ಸಿಟ್‌ನಲ್ಲಿ ಇಳೀರಿ. ಆಗಸ್ಟ್ 15ರ ರಜೆ ವಾರದಲ್ಲಿ ಟೋರ್ಬೊಲೆಯಲ್ಲಿ ಪಾರ್ಕಿಂಗ್ ಸಿಗೋದೇ ಕಷ್ಟ, ಜೂನ್ ಅಥವಾ ಸೆಪ್ಟೆಂಬರ್ ಮೊದಲ ವಾರ ನೋಡಿ, ಶನಿವಾರ ಬ್ರೆನ್ನರ್‌ನಲ್ಲಿ ಟ್ರಾಫಿಕ್ ವಿಪರೀತ, ಹಾಗಾಗಿ ಶುಕ್ರವಾರ ರಾತ್ರಿನೇ ಹೊರಟುಬಿಡಿ.