ಈ ಹೊಗೆ ಯಾರದು?

ಎರಡು ವಾರದ ಹಿಂದೆ ನಮ್ಮ ಮನೆ ಮುಂದೆ ಫೈರ್ ಎಂಜಿನ್ ಬಂದು ನಿಂತಿತು. ಮನೆಗೇನೂ ಬೆಂಕಿ ಬಿದ್ದಿರಲಿಲ್ಲ. ನಾನು ಹಿತ್ತಲಲ್ಲಿ ಒಣ ಕೊಂಬೆ ಸುಡುತ್ತಿದ್ದೆ, ಅಷ್ಟೇ.

ಸೈರನ್ ಹಾಕಿರಲಿಲ್ಲ ಅನ್ನೋದೊಂದೇ ಸಮಾಧಾನ. ಕೆಂಪು ದೀಪ ಮಾತ್ರ ಗಿರಗಿರ ತಿರುಗುತ್ತಿತ್ತು. ಎದುರು ಮನೆ ಹುಡುಗರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ನನ್ನ ಹೆಂಡತಿ ಕಿಟಕಿಯಿಂದ ಒಂದು ಸಲ ಇಣುಕಿ ಪರದೆ ಎಳೆದುಬಿಟ್ಟಳು. ಗಾಡಿಯಿಂದ ಮೊದಲು ಇಳಿದವರು ಎರಡು ಮನೆ ಆಚೆ ಇರುವ ನಮ್ಮ ನೆರೆಯವರೇ. ವಯಸ್ಸು ಅರವತ್ತು ದಾಟಿದೆ. ಮೇಲೆ ಬೆಂಕಿ ಆರಿಸುವಾಗ ತೊಡುವ ದಪ್ಪ ಕೋಟು, ಅದರ ಕೆಳಗೆ ಮನೆಯಲ್ಲಿ ಹಾಕಿಕೊಳ್ಳುವ ಚೌಕಳಿ ಪೈಜಾಮ. ಪೈಜಾಮದ ಒಂದು ಕಾಲು ಬೂಟಿನ ಒಳಗೆ ಸಿಕ್ಕಿದೆ, ಇನ್ನೊಂದು ಹೊರಗೆ ಜೋತಾಡುತ್ತಿದೆ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮದ ಒಂದು ಸಣ್ಣ ಊರಲ್ಲಿ. ಇಲ್ಲಿ ಅಗ್ನಿಶಾಮಕ ದಳ ಅಂದರೆ ಹೆಚ್ಚಿನವರು ಊರಿನವರೇ. ಒಬ್ಬರು ಬಡಗಿ, ಒಬ್ಬರು ಮೇಷ್ಟ್ರು, ಒಬ್ಬರು ಹಸು ಸಾಕಿದವರು. ಕರೆ ಬಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಓಡಬೇಕು.

"ಪರ್ಮಿಟ್ ಇದೆ" ಅಂತ ನಾನು ಮೊದಲೇ ಫೋನ್ ಎತ್ತಿ ತೋರಿಸಿದೆ. ನಿಜವಾಗಿಯೂ ಇತ್ತು. ಭಾರತದಲ್ಲಿ ಪೊಲೀಸರು ಗಾಡಿ ನಿಲ್ಲಿಸಿದಾಗ ಎಲ್ಲಾ ಕಾಗದ ಒಟ್ಟಿಗೇ ಮುಂದೆ ಹಿಡಿಯುತ್ತೇವಲ್ಲ, ಅದೇ ಅಭ್ಯಾಸ. ಅವರು ಅದನ್ನು ನೋಡಲೂ ಇಲ್ಲ. "ಇವತ್ತು ಫೋನ್ ಮಾಡಿದ್ಯಾ?" ಅಂತ ಕೇಳಿದರು.

ಮಾಡಿರಲಿಲ್ಲ. ಈ ರಾಜ್ಯದಲ್ಲಿ ಕೊಂಬೆ ರೆಂಬೆ ಸುಡಲು ಅವಕಾಶ ಇರೋದು ಜನವರಿ 15ರಿಂದ ಮೇ 1ರವರೆಗೆ ಮಾತ್ರ. ಅದೂ ಬೆಳಿಗ್ಗೆ 10ರಿಂದ ಸಂಜೆ 4ರ ಒಳಗೆ. ಮನೆಗಳಿಂದ 75 ಅಡಿ ದೂರ ಇರಬೇಕು, ನೀರು ಕೈಗೆ ಸಿಗುವಂತಿರಬೇಕು, ದೊಡ್ಡವರೊಬ್ಬರು ಕೊನೆಯವರೆಗೂ ಪಕ್ಕದಲ್ಲೇ ನಿಂತಿರಬೇಕು. ಬಾಸ್ಟನ್, ವುಸ್ಟರ್ ಸೇರಿ 22 ಊರುಗಳಲ್ಲಿ ಸುಡುವ ಹಾಗೇ ಇಲ್ಲ. ಪೆಟ್ರೋಲ್ ಸುರಿದು ಹಚ್ಚುವಂತಿಲ್ಲ. ತರಗೆಲೆ, ಹುಲ್ಲು ಸುಡುವಂತಿಲ್ಲ. ಇದು ನನಗೆ ಇವತ್ತಿಗೂ ಜೀರ್ಣವಾಗದ ಮಾತು. ಸುಡೋದಕ್ಕೆ ತರಗೆಲೆಗಿಂತ ಒಳ್ಳೆಯದು ಬೇರೆ ಏನಿದೆ ಹೇಳಿ?

ಇದನ್ನೆಲ್ಲ ನಾನು ಪಾಲಿಸಿದ್ದೆ. ಟೇಪ್ ಹಿಡಿದು 75 ಅಡಿ ಅಳೆದಿದ್ದೆ. ಚಳಿಗಾಲದಲ್ಲಿ ಹಿಮದ ಭಾರಕ್ಕೆ ಮುರಿದು ಬಿದ್ದ ಪೈನ್ ಕೊಂಬೆಗಳನ್ನು ಸೊಂಟದೆತ್ತರ ರಾಶಿ ಹಾಕಿ, ಪೈಪ್ ಎಳೆದು ತಂದಿಟ್ಟುಕೊಂಡಿದ್ದೆ. ಆದರೆ ವರ್ಷದ ಪರ್ಮಿಟ್ ತೆಗೆದುಕೊಂಡರೆ ಸಾಲದು, ಹಚ್ಚುವ ದಿನ ಫೋನ್ ಮಾಡಿ ಇವತ್ತು ಹಚ್ಚಬಹುದಾ ಅಂತಲೂ ಕೇಳಬೇಕು. ಗಾಳಿ ಜಾಸ್ತಿ ಇದ್ದರೆ, ಒಣಗಾಳಿ ಇದ್ದರೆ ಬೇಡ ಅನ್ನುತ್ತಾರೆ. ಕೈಯಲ್ಲಿ ಪರ್ಮಿಟ್ ಇದ್ದಮೇಲೆ ಮತ್ತೆ ಇದೆಂಥ ಕೇಳೋದು ಅಂತ ನಾನು ಸುಮ್ನೆ ಬಿಟ್ಟಿದ್ದೆ. ನನ್ನ ತಲೆಯಲ್ಲಿ ಪರವಾನಗಿ ಅಂದರೆ ಕಚೇರಿಗೆ ಅಲೆದು, ಸೀಲು ಒತ್ತಿಸಿಕೊಂಡು, ಆಮೇಲೆ ಮರೆತುಬಿಡುವ ಕಾಗದ.

ಪೈನ್ ಹಸಿ ಇತ್ತೋ ಏನೋ, ಬಿಳಿ ಹೊಗೆ ಗುಡ್ಡದ ಮೇಲಕ್ಕೆ ಎದ್ದಿತ್ತು. ಆ ಬದಿಯ ಯಾರೋ ನೋಡಿ ಕರೆ ಮಾಡಿದ್ದಾರೆ. ಏಪ್ರಿಲ್‌ನಲ್ಲಿ ಇಲ್ಲಿಯವರು ಹೊಗೆಗೆ ಹೆದರುತ್ತಾರೆ. ಹಿಮ ಕರಗಿರುತ್ತದೆ, ಹೊಸ ಹುಲ್ಲು ಇನ್ನೂ ಬಂದಿರೋದಿಲ್ಲ, ಮರದಲ್ಲಿ ಎಲೆ ಇಲ್ಲದೆ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ಹೋದ ವರ್ಷದ ಹುಲ್ಲು ಬೈಹುಲ್ಲಿನ ಹಾಗೆ ಒಣಗಿರುತ್ತದೆ. 2024ರ ನವೆಂಬರ್‌ನಲ್ಲಂತೂ ಮಳೆಯೇ ಇಲ್ಲದೆ ಇಡೀ ರಾಜ್ಯದಲ್ಲಿ ಹೊರಗೆ ಬೆಂಕಿ ಹಾಕೋದನ್ನೇ ನಿಲ್ಲಿಸಿದ್ದರು.

ದಂಡ ಹಾಕುತ್ತಾರೆ ಅಂದುಕೊಂಡೆ, ಹಾಕಲಿಲ್ಲ. ಪೈಪ್ ತಿರುಗಿಸಿ ಆರಿಸಲು ಹೇಳಿ, ಬೂದಿ ಕೆದಕಿ ನೋಡಿ, ಹೊರಡುವಾಗ ನೆರೆಯವರು ಒಂದು ಮಾತು ಹೇಳಿದರು. "ನೀನು ಬೆಂಕಿ ಹಾಕಿದ್ದಕ್ಕೆ ನನಗೇನೂ ಇಲ್ಲ. ಈ ಹೊಗೆ ಯಾರದು ಅಂತ ಗೊತ್ತಿದ್ದಿದ್ದರೆ ನಾನು ಊಟ ಬಿಟ್ಟು ಏಳುತ್ತಿರಲಿಲ್ಲ."

ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ಯಾಕೆಂದರೆ ಆ ಮಾತು ನನಗೆ ಹೊಸದಲ್ಲ.

ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಅಜ್ಜಯ್ಯ ತೋಟದ ಬದಿಯಲ್ಲಿ ಸುಡುಮಣ್ಣು ಮಾಡುತ್ತಿದ್ದರು. ಹಾಡಿಯಿಂದ (ಸಣ್ಣ ಕಾಡಿಂದ) ಗುಡಿಸಿ ತಂದ ತರಗೆಲೆ ಒಂದು ಪದರ, ಮಣ್ಣು ಒಂದು ಪದರ, ಮತ್ತೆ ತರಗೆಲೆ. ಒಳಗೊಳಗೇ ಬೇಯಬೇಕು, ಉರಿ ಏಳಬಾರದು. ಮೂರ್ನಾಲ್ಕು ದಿನ ಹೊಗೆಯಾಡುತ್ತಿತ್ತು, ತಣ್ಣಗಾದ ಮೇಲೆ ಮಲ್ಲಿಗೆ ಬುಡಕ್ಕೆ ಹಾಕೋದು. ಕಡ್ಡಿ ಗೀರುವ ಮೊದಲು ಅಜ್ಜಯ್ಯ ಅಗಳಿನ (ಕಂದಕದ) ದಂಡೆ ಹತ್ತಿ ಎರಡೂ ಬದಿಗೆ ಕೂಗುತ್ತಿದ್ದರು: "ಹ್ವಾಯ್, ಬೆಂಕಿ ಕೊಡ್ತೆ, ಕಾಣಿ!" ಆಚೆಮನೆಯಿಂದ ಓ ಅನ್ನೋ ದನಿ ಬರುವವರೆಗೆ ಕಡ್ಡಿಪೆಟ್ಟಿಗೆ ಸೊಂಟದಲ್ಲೇ. ಗಾಳಿ ಸ್ವಲ್ಪ ಬೀಸಿದರೂ ಆಚೆಮನೆಯವರು ಕೈಯಲ್ಲೊಂದು ಕಾಸರ್ಕನ ಮರದ ಹಸಿ ಕೊಂಬೆ ಹಿಡಿದು ಬಂದು ಕೂರುತ್ತಿದ್ದರು. ಉರಿ ಎದ್ದರೆ ಬಡಿಯಲಿಕ್ಕೆ. ಹೆಚ್ಚಿನ ದಿನ ಏನೂ ಆಗದೆ, ಎಲೆಯಡಿಕೆ ಹಾಕಿಕೊಂಡು ಎದ್ದು ಹೋಗುತ್ತಿದ್ದರು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ನಕ್ಕು ಮುಗಿದ ಮೇಲೆ ಅವಳೇ ಹೇಳಿದಳು, ಹೋದ ತಿಂಗಳು ನಮ್ಮ ಹಿಂದಿನ ಗುಡ್ಡೆ ಸುಟ್ಟು ಹೋಯಿತಂತೆ, ಗೇರುಗಿಡ ಎಲ್ಲ. ಯಾರು ಹಚ್ಚಿದ್ದು ಅಂದರೆ ಯಾರೂ ಅಲ್ಲ. ಬೀಡಿ ಅಂದರು ಕೆಲವರು, ಕಸ ಸುಟ್ಟದ್ದು ಅಂದರು ಕೆಲವರು. ಈಗ ತರಗೆಲೆ ಜೊತೆ ಹಾಲಿನ ಪ್ಯಾಕೆಟ್ಟು, ಡೈಪರು ಎಲ್ಲ ಸೇರಿ ಸಂಜೆ ರಸ್ತೆ ಬದಿಯಲ್ಲಿ ಉರಿಯುತ್ತದೆ. ಕಾನೂನಿಗೇನೂ ಬರ ಇಲ್ಲ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ರಾಶಿಯಾದರೆ 25,000 ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ನಮ್ಮೂರಲ್ಲಿ ಅದನ್ನು ಕಟ್ಟಿದವರನ್ನು ನಾನು ಕಂಡಿಲ್ಲ. ಹಚ್ಚಿ, ಬೆನ್ನು ಹಾಕಿ ಮನೆಗೆ ಹೋಗಿ ಟಿವಿ ನೋಡುವುದು, ಇದೇ ಈಗಿನ ಕ್ರಮ. ನಾನೂ ರಜೆಗೆ ಹೋದಾಗ ಹಾಗೇ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

"ಮೊದಲೆಲ್ಲ ಕೂಗಿ ಹೇಳ್ತಿದ್ದರಲ್ಲ ಅಮ್ಮ?" ಅಂದೆ.

"ಈಗ ಹ್ವಾಯ್ ಅಂದ್ರೆ ಓ ಅಂಬುಕೆ ಯಾರಿದ್ರ್ ಮಗಾ?" ಅಂದಳು. ಆಚೆಮನೆಗೆ ಬೀಗ ಬಿದ್ದು ಮೂರು ವರ್ಷ ಆಯಿತು. ಅವರ ಮಕ್ಕಳು ಬೆಂಗಳೂರಲ್ಲಿ. ಈ ಬದಿಯ ಮಗ ಎಲ್ಲಿದ್ದಾನೆ ಅನ್ನೋದನ್ನು ಅವಳು ಹೇಳಲಿಲ್ಲ.

ಉಳಿದರ್ಧ ರಾಶಿ ಹಿತ್ತಲಲ್ಲಿ ಹಾಗೇ ಇದೆ. ಹೋದ ಶನಿವಾರ ಹತ್ತು ಗಂಟೆಗೆ ಸರಿಯಾಗಿ ಫೋನ್ ಮಾಡಿದೆ. ಹೆಸರು, ಮನೆ ನಂಬರು, ಏನು ಸುಡುತ್ತೀಯ, ಎಲ್ಲಾ ಬರೆದುಕೊಂಡು, ಗಾಳಿ ಜಾಸ್ತಿ ಇದೆ, ಇವತ್ತು ಬೇಡ ಅಂದರು. ಭಾನುವಾರವೂ ಬೇಡ ಅಂದರು. ಸಂಜೆ ನೆರೆಯವರು ನಾಯಿ ತಿರುಗಾಡಿಸುತ್ತಾ ಬಂದು ಬೇಲಿಯಾಚೆಯಿಂದಲೇ ರಾಶಿ ನೋಡಿ, ಬರುವ ವಾರ ಮಳೆ ಇದೆ, ಅದರ ಮಾರನೇ ದಿನ ನೋಡು, ನಾನೂ ಬರ್ತೀನಿ ಅಂದರು. ಮೇ 1ರೊಳಗೆ ಆಗದಿದ್ದರೆ ಇನ್ನು ಮುಂದಿನ ಜನವರಿಗೇ.