ಮುಖಾಮುಖಿ ಎಂದರೆ ಏನೆಲ್ಲ

ಸಂದೇಶ, ಫೋನ್ ಮತ್ತು ವಿಡಿಯೊ ಕರೆಗಳಲ್ಲೇ ಬಹುಪಾಲು ಮಾತುಕತೆ ಮುಗಿದುಹೋಗುವ ಈ ಕಾಲದಲ್ಲಿ, ಇಬ್ಬರು ಒಂದೇ ಜಾಗದಲ್ಲಿ ಎದುರುಬದುರು ಕುಳಿತು ಮಾತಾಡುವುದಕ್ಕೆ ಪ್ರತ್ಯೇಕ ಹೆಸರೇ ಬೇಕಾಗಿದೆ. ಅದಕ್ಕಾಗಿ ನಾವು ಖುದ್ದಾಗಿ, ಮುಖತಃ, ನೇರವಾಗಿ, ಮುಖಾಮುಖಿ ಎಂಬ ಪದಗಳನ್ನು ಭೇದವೆಣಿಸದೆ ಬಳಸುತ್ತೇವೆ. ನನ್ನ ಮಟ್ಟಿಗೆ, ಮನುಷ್ಯರ ನೇರ ಒಡನಾಟವನ್ನು ಪೂರ್ತಿಯಾಗಿ ಹಿಡಿದಿಡುವುದು ಇವುಗಳಲ್ಲಿ ಕೊನೆಯದು ಮಾತ್ರ.

‘ಖುದ್ದಾಗಿ’ ಎಂಬುದರ ಒತ್ತು ತನ್ನ ಬದಲು ಬೇರೆಯವರನ್ನು ಕಳಿಸಲಿಲ್ಲ ಎಂಬುದರ ಮೇಲಿದೆ. ಖುದ್ದಾಗಿ ಸಹಿ ಹಾಕಲು ಎದುರಿಗೆ ಯಾರೂ ಇರಬೇಕಿಲ್ಲ. ‘ಮುಖತಃ’ ತಿಳಿಸಿದ್ದೆಂದರೆ ಬರೆದು ಕಳಿಸದೆ ಬಾಯಿಂದಲೇ ಹೇಳಿದ್ದು. ಅಲ್ಲಿ ಕೇಳಿಸಿಕೊಂಡವರ ಪಾಲು ಕಾಣುವುದಿಲ್ಲ.

ಮುಖಾಮುಖಿಯ ರಚನೆಯೇ ಬೇರೆ. ಪರಸ್ಪರ ಕೂದಲು ಹಿಡಿದೆಳೆದಾಡುವ ಜಗಳಕ್ಕೆ ಸಂಸ್ಕೃತದಲ್ಲಿ ‘ಕೇಶಾಕೇಶಿ’ ಎಂದೂ ದೊಣ್ಣೆಗಳಿಂದ ಹೊಡೆದಾಡುವುದಕ್ಕೆ ‘ದಂಡಾದಂಡಿ’ ಎಂದೂ ಹೆಸರು. ಒಬ್ಬನು ಮಾಡಿದ್ದನ್ನೇ ಮತ್ತೊಬ್ಬನೂ ತಿರುಗಿ ಮಾಡುವ ಈ ಬಗೆಯನ್ನು ವೈಯಾಕರಣರು ಕರ್ಮವ್ಯತಿಹಾರ ಎನ್ನುತ್ತಾರೆ. ಮುಖಾಮುಖಿಯೂ ಇದೇ ಅಚ್ಚಿನ ಪದವಾದ್ದರಿಂದ, ಪತ್ರಿಕೆಗಳಲ್ಲಿ ಲಾರಿ ಮತ್ತು ಕಾರಿನ ‘ಮುಖಾಮುಖಿ ಡಿಕ್ಕಿ’ಯಾಗುವುದೂ ಸೆಮಿಫೈನಲ್‌ನಲ್ಲಿ ಎರಡು ತಂಡಗಳು ‘ಮುಖಾಮುಖಿ’ಯಾಗುವುದೂ ಅಸಹಜವೆನಿಸುವುದಿಲ್ಲ. ವಿಮರ್ಶಕರು ‘ಪರಂಪರೆಯೊಂದಿಗಿನ ಮುಖಾಮುಖಿ’ ಎನ್ನುವಾಗಲೂ ಬರಿಯ ಪರಿಚಯವನ್ನಲ್ಲ, ಎದುರಿಸಿ ಉತ್ತರ ಕೊಡುವುದನ್ನೇ ಸೂಚಿಸುತ್ತಾರೆ.

ಈ ಪರಸ್ಪರತೆ ಎದುರುಬದುರಿನ ಮಾತುಕತೆಯಲ್ಲಿ ಬಹಳ ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ. ಇನ್ನೊಬ್ಬರ ಕಣ್ಣನ್ನು ನೋಡುವವರು ಅದೇ ನೋಟದಲ್ಲಿ ತಮ್ಮನ್ನೂ ತೋರಿಸಿಕೊಳ್ಳುತ್ತಾರೆ ಎಂಬುದನ್ನು ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1908ರಷ್ಟು ಹಿಂದೆಯೇ ಗುರುತಿಸಿದ್ದರು. ವಿಡಿಯೊ ಕರೆಯಲ್ಲಿ ತಪ್ಪಿಹೋಗುವುದು ಇದೇ: ಕ್ಯಾಮೆರಾ ಸಾಮಾನ್ಯವಾಗಿ ಪರದೆಯ ಮೇಲಂಚಿನಲ್ಲಿರುವುದರಿಂದ, ಪರದೆಯ ಮೇಲಿನ ಕಣ್ಣುಗಳನ್ನು ನಾನು ನೋಡಿದರೆ ಅವರಿಗೆ ನನ್ನ ದೃಷ್ಟಿ ತಗ್ಗಿದಂತೆ ಕಾಣುತ್ತದೆ, ಕ್ಯಾಮೆರಾವನ್ನು ನೋಡಿದರೆ ಅವರ ಕಣ್ಣು ನನಗೆ ತಪ್ಪುತ್ತದೆ. ಮಾತಿನ ಲಯದ್ದೂ ಇದೇ ಪಾಡು. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವುದಕ್ಕೆ ಹಿಡಿಯುವ ಸಮಯ ಸರಾಸರಿ ಸುಮಾರು 200 ಮಿಲಿಸೆಕೆಂಡ್, ಎಂದರೆ ಸೆಕೆಂಡಿನ ಐದನೇ ಒಂದು ಭಾಗ. ಜಾಲದ ಮೂಲಕ ಬರುವ ಧ್ವನಿ ಅಷ್ಟೇ ಹೊತ್ತು ತಡವಾದರೂ ಇಬ್ಬರೂ ಒಟ್ಟಿಗೆ ಮಾತು ತೆಗೆಯುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ, ‘ನೀವು ಹೇಳಿ’ ಎಂದು ಇಬ್ಬರೂ ಹೇಳುತ್ತಾರೆ.

ಹಾಗೆಂದು ದೂರದಲ್ಲಿರುವವರಿಗೆ ವಿಡಿಯೊ ಕರೆ ಕೊಡುವ ಸಮಾಧಾನವನ್ನು ನಾನು ಕಡೆಗಣಿಸುವುದಿಲ್ಲ. ಅದನ್ನು ಅದರ ಹೆಸರಿನಿಂದಲೇ ಕರೆಯೋಣ ಎನ್ನುತ್ತೇನೆ, ಅಷ್ಟೆ. ‘ನೇರ’ ಎಂಬ ಪದವಂತೂ ಈಗ ನೇರ ಪ್ರಸಾರಕ್ಕೂ ಸಲ್ಲುವುದರಿಂದ, ‘ನೇರ ಸಂವಾದ’ ಎಂಬ ಆಹ್ವಾನವನ್ನು ಓದಿದವರಿಗೆ ಹೊರಟು ಬರಬೇಕೋ ಪರದೆಯ ಮುಂದೆ ಕೂರಬೇಕೋ ತಿಳಿಯುವುದಿಲ್ಲ. ಜನರು ಬಂದು ಕೂರಬೇಕಾದ ಕಡೆ ‘ಮುಖಾಮುಖಿ ಸಂವಾದ’ ಎಂದೇ ಬರೆದು ಸ್ಥಳವನ್ನು ನಮೂದಿಸುವುದು ಒಳ್ಳೆಯದು.